ಅಳತೆ ಸಾಹೇಬರ ದೋಣಿ ಮೋಟರು

ನಮ್ಮ ಮನೆಯಲ್ಲಿ ನಿರ್ಧಾರ ಎಂಬ ಪದಾರ್ಥವನ್ನು ಅಟ್ಟದ ಮೇಲೆ ಇಟ್ಟಿದ್ದಾರೆ. ಏಣಿ ನನ್ನ ಹೆಂಡತಿಯ ಹತ್ತಿರ ಇದೆ. ಕಿಟಕಿಯ ಪರದೆಗೆ ಯಾವ ಬಣ್ಣ, ಗೋಡೆಯಲ್ಲಿ ಎಲ್ಲಿ ಮೊಳೆ, ನನ್ನ ತಲೆಗೂದಲು ಎಷ್ಟು ಗಿಡ್ಡ, ಎಲ್ಲವನ್ನೂ ಅವಳೇ ತೀರ್ಮಾನಿಸುತ್ತಾಳೆ. ಆಫೀಸಿನಲ್ಲಿ ನಾನು ಎಂಥ ಹುಲಿ ಎಂಬುದು ಅವಳಿಗೆ ಗೊತ್ತಿಲ್ಲ. (ಗೊತ್ತಿದೆ. ನಂಬುವುದಿಲ್ಲ.)

ನಾನು ತೂಕ ಮತ್ತು ಅಳತೆ ಇಲಾಖೆಯ ಅಧಿಕಾರಿ. ಊರಿನ ಯಾವ ತಕ್ಕಡಿಯಾಗಲಿ, ಯಾವ ಲೀಟರಾಗಲಿ, ನನ್ನ ಮುದ್ರೆ ಬೀಳದೆ ಬಾಯಿ ಬಿಡುವ ಹಾಗಿಲ್ಲ. ನಾನು ರಸ್ತೆಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ತರಕಾರಿ ಅಂಗಡಿಯವನು ತಕ್ಕಡಿಯ ತಟ್ಟೆಯಡಿ ಅಂಟಿಸಿದ ಅಯಸ್ಕಾಂತವನ್ನು ಕಿತ್ತು ಜೇಬಿಗೆ ಸೇರಿಸುತ್ತಾನೆ. ಜನ ಭಯಭಕ್ತಿಯಿಂದ ನನ್ನನ್ನು ಅಳತೆ ಸಾಹೇಬರು ಎನ್ನುತ್ತಾರೆ. ಈ ಕೀರ್ತಿಗೆ ತಕ್ಕಂತೆ ನಮ್ಮ ಗೇಟಿಗೆ ಒಂದು ಹಲಗೆ ಹಾಕಿಸಿದ್ದೆ. ಭರ್ಜರಿ ದಪ್ಪದ ಮರ. ಮೇಲಿನ ಸಾಲಿನಲ್ಲಿ 'ತೂಕ ಮತ್ತು ಅಳತೆ', ಕೆಳಗಿನ ಸಾಲಿನಲ್ಲಿ ಇನ್ನೂ ದೊಡ್ಡ ಅಕ್ಷರದಲ್ಲಿ 'ಅಧಿಕಾರಿ'. ಅಕ್ಷರಗಳನ್ನು ಕೊರೆಸಿ ಬಿಳಿ ಬಣ್ಣ ತುಂಬಿಸಿದ್ದೆ. ಅದನ್ನು ನೋಡಿದ ಮೊದಲ ದಿನವೇ ನನ್ನವಳು, "ಇಷ್ಟು ದಪ್ಪ ಯಾಕ್ರೀ? ತರಕಾರಿ ಹೆಚ್ಚೋಕಾ?" ಎಂದಿದ್ದಳು.

ನನ್ನವಳು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವಳ ಕೊರಳಲ್ಲಿ ಸದಾ ಒಂದು ಹಳದಿ ಟೇಪು ನೇತಾಡುತ್ತಿರುತ್ತದೆ. ಹೊಲಿಗೆ ಕಲಿಸಿದ ಟೀಚರಮ್ಮ ಕೊಟ್ಟದ್ದು. ಅದು ಕೊರಳಿಗೆ ಬಿದ್ದ ಮೇಲೆಯೇ ಕೆಲಸ ಕೈಹಿಡಿಯಿತು ಎಂಬುದು ಅವಳ ಅಚಲ ನಂಬಿಕೆ. ಗಿರಾಕಿಗಳ ಸೊಂಟ ಅಳೆಯುವಾಗ ಅವಳು ಗೊಣಗುವುದು ನನಗೆ ಒಳಮನೆಗೂ ಕೇಳಿಸುತ್ತದೆ: "ನಲವತ್ತೊಂದು, ಮೈನಸ್ ಐದು, ಮೂವತ್ತಾರು." ಇದು ದಪ್ಪಗಿರುವವರ ಮನಸ್ಸನ್ನು ಖುಷಿಪಡಿಸುವ ವ್ಯಾಪಾರದ ಜಾಣತನ ಎಂದು ನಾನು ಮದುವೆಯಾದಂದಿನಿಂದ ತಿಳಿದುಕೊಂಡಿದ್ದೆ. ಇಲಾಖೆಯ ಲೆಕ್ಕದಲ್ಲಿ ಅದು ತಪ್ಪು. ಗಂಡನ ಲೆಕ್ಕದಲ್ಲಿ ಅದು ಕೇಳಿಸದೇ ಇರಬೇಕಾದ ಮಾತು. ಹಾಗಾಗಿ ನಾನು ಕೇಳಿಸಿಕೊಂಡಿರಲಿಲ್ಲ.

ಇನ್ನು ದೋಣಿ. ನಮ್ಮ ಹಿತ್ತಿಲು ಹೊಳೆಗೆ ಇಳಿಯುತ್ತದೆ. ಹೊಳೆಯ ನಡುವಿನ ನಡುಗಡ್ಡೆಯಲ್ಲಿ ಒಂದು ಶಾಲೆ. ಆ ಶಾಲೆಯ ಮಕ್ಕಳ ಸಮವಸ್ತ್ರವನ್ನೆಲ್ಲ ಹೊಲಿಯುವವಳು ನನ್ನವಳು. ಗಂಟುಗಳನ್ನು ಸಾಗಿಸುವುದು ನಮ್ಮ ಮಾವನವರು ಬಿಟ್ಟುಹೋದ ಹಳೆಯ ದೋಣಿ. ಅದರ ಹಿಂದೆ ನೇತಾಡುತ್ತಿದ್ದ ಮೋಟರೂ ಮಾವನವರದೇ. ಮೊನ್ನೆ ರಜೆಯಲ್ಲಿ ಮಕ್ಕಳನ್ನು ಕರೆಸಿ ಅಳತೆ ತೆಗೆದುಕೊಂಡು ಬರಲು ಇಬ್ಬರೂ ಶಾಲೆಗೆ ಹೋಗಿದ್ದೆವು. ವಾಪಸು ಬರುವಾಗ ನಡುಹೊಳೆಯಲ್ಲಿ 'ಕಟ್' ಎಂದು ಸದ್ದಾಯಿತು. ತಿರುಗಿ ನೋಡಿದರೆ ಮೋಟರು ಇಲ್ಲ. ಹಿಡಿದಿದ್ದ ಸ್ಕ್ರೂ ಸಡಿಲವಾಗಿ, ಗುರುಗುಟ್ಟುತ್ತಲೇ ಹೊಳೆಯ ತಳ ಸೇರಿತ್ತು. ಒಂದೆರಡು ಗುಳ್ಳೆ ಮೇಲೆ ಬಂದವು. ನಾನು ಟೋಪಿ ತೆಗೆದೆ.

"ಸ್ಕ್ರೂ ಬಿಗಿ ಮಾಡಿ ಅಂತ ಎಷ್ಟು ಸಲ ಬಡ್ಕೊಂಡಿದ್ದೆ!" ಎಂದಳು ನನ್ನವಳು.

"ಮಾಡಿದ್ದೆ ಕಣೇ."

"ಯಾವಾಗ?"

ನಾನು ಹುಟ್ಟು ಹಾಕತೊಡಗಿದೆ. ನಮ್ಮ ಮನೆಯ ಕಡೆಗೆ ಹೊರಟವರು ಸೆಳವಿಗೆ ಸಿಕ್ಕಿ ಧೋಬಿಘಾಟಿನಲ್ಲಿ ಹೋಗಿ ದಡ ಸೇರಿದೆವು. ಅಲ್ಲಿಂದ ದೋಣಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದೆವು. ಎಳೆದವನು ನಾನು. ಹಿಂದೆ ನಡೆದುಕೊಂಡು ಬಂದವಳ ಉಪನ್ಯಾಸಕ್ಕೆ ದಾರಿಯುದ್ದಕ್ಕೂ ವಿರಾಮವಿರಲಿಲ್ಲ.

ಆದರೆ ಅಂದು ರಾತ್ರಿಯ ಊಟದ ಹೊತ್ತಿಗೆ ಪವಾಡ ನಡೆಯಿತು. ಅವಳಿಗೆ ಹೊಲಿಯುವ ಗಡಿಬಿಡಿ. ಶಾಲೆ ಶುರುವಾಗುವ ದಿನ ಬಟ್ಟೆ ತಲುಪದಿದ್ದರೆ ಮುಂದಿನ ವರ್ಷದಿಂದ ರೆಡಿಮೇಡ್ ಅಂಗಡಿಯವರಿಗೇ ಕೊಡುತ್ತೇನೆಂದು ಹೆಡ್ ಮಿಸ್ಸು ಹೇಳಿಬಿಟ್ಟಿದ್ದರು. ಆ ಕೆಲಸ ಹೋದರೆ ಅವಳ ಅಂಗಡಿಗೆ ಬಾಗಿಲು ಹಾಕುವುದೇ ಗತಿ. ಅನ್ನ ಬಡಿಸುತ್ತಾ ಸುಸ್ತಾದ ದನಿಯಲ್ಲಿ ಅವಳು ಹೇಳಿದಳು: "ರೀ, ಮೋಟರ್ ವಿಷಯ ಪೂರ್ತಿ ನಿಮಗೇ ಬಿಟ್ಟಿದ್ದೀನಿ. ಯಾವ ಅಂಗಡಿ, ಯಾವ ಮೋಟರು, ಎಲ್ಲಾ ನೀವೇ ನೋಡ್ಕೊಳ್ಳಿ. ನಾನು ಬಾಯಿ ಹಾಕಲ್ಲ."

ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಏಣಿ ನನ್ನ ಕೈಗೆ ಬಂದಿತ್ತು! ಈ ಒಂದು ಕೆಲಸವನ್ನು ಇಲಾಖೆಯ ಘನತೆಗೆ ತಕ್ಕಂತೆ ಮಾಡಿ ತೋರಿಸಿಯೇ ತೀರುತ್ತೇನೆಂದು ಆ ಕ್ಷಣವೇ ಪಣ ತೊಟ್ಟೆ.

ಮೋಟರಿನ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಅದರ ಕಾಲು. ದೋಣಿಯ ಹಿಂಬದಿಯ ಹಲಗೆಗೆ ಮೋಟರನ್ನು ಕಚ್ಚಿಸಿದಾಗ ಅದರಿಂದ ಕೆಳಕ್ಕೆ ಒಂದು ಕಾಲು ಇಳಿಯುತ್ತದೆ. ಕಾಲಿನ ತುದಿಯಲ್ಲಿ ನೀರು ಕಡೆಯುವ ಫ್ಯಾನು. ಹಲಗೆ ಹದಿನೈದು ಇಂಚು ಎತ್ತರವಿದ್ದರೆ ಗಿಡ್ಡ ಕಾಲಿನ ಮೋಟರು, ಇಪ್ಪತ್ತಿದ್ದರೆ ಉದ್ದ ಕಾಲಿನದು. ಹಳೆಯ ಮೋಟರಿನ ಕಾಲು ಅಳೆಯೋಣವೆಂದರೆ ಅದಕ್ಕೆ ನಾನೂ ಹೊಳೆಯ ತಳ ಸೇರಬೇಕಿತ್ತು. ಹಾಗಾಗಿ ಹಲಗೆಯನ್ನೇ ಅಳೆಯುವುದೆಂದಾಯಿತು. ನನ್ನ ಸರ್ಕಾರಿ ಅಳತೆಪಟ್ಟಿ ಆಫೀಸಿನ ಬೀರುವಿನಲ್ಲಿತ್ತು. ನನ್ನವಳು ಹಳದಿ ಟೇಪನ್ನು ಕೊರಳಿನಿಂದ ತೆಗೆದಿಟ್ಟು ಮೆಷಿನ್ ತುಳಿಯುತ್ತಿದ್ದಾಗ ಅದನ್ನು ಮೆಲ್ಲಗೆ ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಸಂಜೆ ಮಬ್ಬಾಗುತ್ತಿತ್ತು, ಕನ್ನಡಕ ಒಳಗಿತ್ತು. ಬೋರಲಾಗಿ ಮಲಗಿ, ಟೇಪಿನ ತುದಿಯನ್ನು ಹಲಗೆಯ ಬುಡಕ್ಕೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಮೇಲೆ ಓದಿದೆ. ಇಪ್ಪತ್ತು! ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ. ಖಚಿತವಾಗಲೆಂದು ಮತ್ತೊಮ್ಮೆ ಅಳೆದೆ. ಆಗಲೂ ಇಪ್ಪತ್ತೇ.

ಊರಿನಲ್ಲಿ ದೋಣಿ ಮೋಟರಿನ ಅಂಗಡಿಗಳು ಮೂರು. ಮರುದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟೆ.

ಮೊದಲನೆಯದು ಗಾಜಿನ ಅಂಗಡಿ. ಒಳಗೆ ಎಷ್ಟು ತಂಪೆಂದರೆ ಮೋಟರುಗಳಿಗೆಲ್ಲ ನೆಗಡಿಯಾಗಿರಬೇಕು. ಟೈ ಕಟ್ಟಿದವನೊಬ್ಬ ನನ್ನನ್ನು ಸೋಫಾದ ಮೇಲೆ ಕೂರಿಸಿ, ಮನೆಯ ಫ್ರಿಜ್ಜಿಗಿಂತ ದೊಡ್ಡದಾದ ಒಂದು ಕಪ್ಪು ಮೋಟರನ್ನು ತೋರಿಸಿದ.

"ಸಾರ್, ಇದು ಹಾಕಿದ್ರೆ ನಿಮ್ಮ ದೋಣಿ ಹಾರತ್ತೆ."

"ನನಗೆ ಹಾರೋದು ಬೇಡಪ್ಪ, ನಡುಗಡ್ಡೆಗೆ ಹೋಗೋದು ಬೇಕು. ಸಮವಸ್ತ್ರ ಸಾಗಿಸ್ಬೇಕು."

"ಸಾರ್, ಸಮುದ್ರಕ್ಕೇ ಹೋಗಬಹುದು!"

ಹಲಗೆಯ ಎತ್ತರದ ವಿಷಯ ಅವನು ಕೇಳಲೇ ಇಲ್ಲ. ಅಳತೆ ಕೇಳದವನ ಹತ್ತಿರ ಅಳತೆ ಸಾಹೇಬನಿಗೇನು ಕೆಲಸ? ಅವನು ತರಿಸಿದ ಕಾಫಿ ಕುಡಿದು, ಎದ್ದು ಬಂದೆ.

ಎರಡನೆಯದು ಹೊಳೆಯ ದಂಡೆಯ ತಗಡಿನ ಶೆಡ್ಡು. ಯಜಮಾನಿ ಒಬ್ಬಾಕೆ, ಮೊಣಕೈವರೆಗೆ ಗ್ರೀಸು, ಕಿವಿಯ ಹಿಂದೆ ಪೆನ್ಸಿಲ್ಲು. ಊರಿನವರು ಮೋಟರಕ್ಕ ಎನ್ನುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ವಿಚಾರಣೆ ಶುರುವಾಯಿತು.

"ಹಳೇದು ಏನಾಯ್ತು?"

"ಬಿದ್ದುಹೋಯ್ತು."

"ಎಲ್ಲಿ?"

"ಹೊಳೇಲಿ."

"ಸ್ಕ್ರೂ ಬಿಗಿ ಮಾಡೋರು ಯಾರು ಮನೇಲಿ?"

"ನಾನೇ."

ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಒಂದು ಸರಪಣಿ ಕಟ್ಟಿಡೋಕಾಗಲಿಲ್ವಾ?"

ನನಗೆ ಬೆವರಿತು. ದನಿ ಬೇರೆ, ಗ್ರೀಸು ಬೇರೆ. ಮಾತು ಮಾತ್ರ ಥೇಟ್ ನನ್ನ ಮನೆಯದೇ. ಆದರೂ ಧೈರ್ಯ ತಂದುಕೊಂಡು, "ಹಲಗೆ ಇಪ್ಪತ್ತು ಇಂಚು. ಉದ್ದ ಕಾಲಿನದು ಕೊಡಿ" ಎಂದೆ.

"ನಿಮ್ಮ ಮಾವನವರ ಆ ಹಳೇ ದೋಣಿಗೆ ಇಪ್ಪತ್ತೆಲ್ಲಿಂದ ಬರತ್ತೆ? ಹದಿನೈದಿರತ್ತೆ. ನಾನೇ ಬಂದು ಅಳೆದು ನೋಡ್ತೀನಿ. ನೋಡದೆ ಕೊಡಲ್ಲ."

"ಅಮ್ಮಾ, ನಾನು ಯಾರು ಗೊತ್ತಾ?"

"ಗೊತ್ತಿಲ್ದೆ ಏನು? ಹೋದ ವರ್ಷ ನನ್ನ ತಕ್ಕಡಿಗೆ ಮುದ್ರೆ ಒತ್ತಿದ್ದು ನೀವೇ ಅಲ್ವಾ? ಅದು ತಕ್ಕಡಿ ಸಾಹೇಬ್ರೆ. ಇದು ದೋಣಿ. ಗಂಡಸ್ರು ಮನೇಲಿ ಅಳೆದು ತಂದಿದ್ದನ್ನ ನಾನು ನಂಬಲ್ಲ. ಯಾರ ಗಂಡನೇ ಆಗಿರ್ಲಿ."

ನನ್ನ ಮೈಯೆಲ್ಲ ಉರಿಯಿತು. ಇಡೀ ಊರಿನ ಅಳತೆಗೆ ಮುದ್ರೆ ಒತ್ತುವ ಕೈಯ ಮೇಲೆ ಅಪನಂಬಿಕೆಯೇ! ಅದೂ ಅಲ್ಲದೆ, ಮನೆಯಲ್ಲಿ ಒಬ್ಬಳಿರುವಾಗ ದುಡ್ಡು ಕೊಟ್ಟು ಇನ್ನೊಬ್ಬಳಿಂದ ಬೈಸಿಕೊಳ್ಳುವ ಅಗತ್ಯ ನನಗಿತ್ತೇ? "ನೀವು ಬರೋದು ಬೇಕಾಗಿಲ್ಲ" ಎಂದು ಖಡಾಖಂಡಿತವಾಗಿ ಹೇಳಿ ಹೊರಬಿದ್ದೆ.

ಮೂರನೆಯ ಅಂಗಡಿಗೆ ಕಾಲಿಟ್ಟಾಗ ಸ್ವರ್ಗಕ್ಕೆ ಬಂದ ಹಾಗಾಯಿತು. ಅಂಗಡಿಯವನ ಬಾಯಿಂದ ಹೆಚ್ಚಾಗಿ ಬರುತ್ತಿದ್ದದ್ದು ಎರಡೇ ಮಾತು.

"ಬಿಸಿಲು ಜಾಸ್ತಿ ಇವತ್ತು" ಎಂದೆ.

"ಹೌದು ಸಾರ್."

"ದೋಣಿ ಹಲಗೆ ಇಪ್ಪತ್ತು ಇಂಚು. ಉದ್ದ ಕಾಲಿನ ಮೋಟರು ಬೇಕು."

"ಹೌದು ಸಾರ್."

ಪರೀಕ್ಷಿಸೋಣವೆಂದು ಕೇಳಿದೆ: "ನೀವೂ ಒಂದ್ಸಲ ಬಂದು ನೋಡೋದು ಬೇಡ್ವಾ?"

ಅವನು ನಾಲಿಗೆ ಕಚ್ಚಿಕೊಂಡ. "ಸಾರ್, ನೀವು ಅಳತೆ ಸಾಹೇಬ್ರು! ನೀವು ಅಳೆದಿದ್ದನ್ನ ನಾನು ಅಳೆಯೋದಾ? ಪಾಪ ಬರತ್ತೆ ಸಾರ್."

ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಇಷ್ಟು ವರ್ಷಗಳಲ್ಲಿ ನಾನು ಹೇಳಿದ್ದಕ್ಕೆ ಎದುರಾಡದೆ ತಲೆಯಾಡಿಸಿದ ಪ್ರಾಣಿ ಅವನೊಬ್ಬನೇ. (ಮೇಜಿನ ಮೇಲಿನ ಫ್ಯಾನನ್ನು ಬಿಟ್ಟರೆ.) ಅಲ್ಲಿಯೇ, ಆಗಲೇ ಮೋಟರು ಕೊಂಡು, ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಮನೆಗೆ ತಂದೆ.

ಶಾಲೆ ಶುರುವಾಗುವ ಹಿಂದಿನ ದಿನ ಬೆಳಗ್ಗೆ ನನ್ನ ವಿಜಯಯಾತ್ರೆ. ಮೋಟರನ್ನು ನಾನೇ ಕಚ್ಚಿಸಿದೆ. ಸ್ಕ್ರೂಗಳನ್ನು ಕೈ ಕೆಂಪಾಗುವವರೆಗೆ ಬಿಗಿದೆ. ನನ್ನವಳು ಗಂಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದೋಣಿಯಲ್ಲಿ ಪೇರಿಸಿ, ಮುಂದೆ ಕೂತಳು. "ಪರವಾಗಿಲ್ವೇ" ಎಂದಳು ಮೋಟರನ್ನು ನೋಡಿ. ಅವಳ ಬಾಯಿಂದ ಅದು ಪದ್ಮಪ್ರಶಸ್ತಿ. ನಾನು ಎದೆಯುಬ್ಬಿಸಿ ಹಗ್ಗ ಎಳೆದೆ.

ಮೋಟರು ಗರ್ಜಿಸಿತು. ದೋಣಿ ಕದಲಲಿಲ್ಲ. ನಮ್ಮ ದಡದಲ್ಲಿ ನೀರು ಮೊಣಕಾಲಿಗೆ ಬರುವುದೇ ಕಷ್ಟ; ಉದ್ದ ಕಾಲಿನ ತುದಿಯ ಫ್ಯಾನು ನೀರನ್ನು ಬಿಟ್ಟು ಕೆಸರನ್ನು ಕಡೆಯುತ್ತಿತ್ತು. ನಾನು ವೇಗ ಹೆಚ್ಚಿಸಿದೆ. ಹೊಳೆಯ ತಳದಲ್ಲಿದ್ದ ಕಪ್ಪು ಕೆಸರೆಲ್ಲ ಎದ್ದು ನನ್ನ ಇಸ್ತ್ರಿ ಅಂಗಿಯ ಮೇಲೆ, ಮುಖದ ಮೇಲೆ, ತೆರೆದ ಬಾಯಿಯೊಳಗೆ ಬಂತು. ಮೋಟರು ಒಮ್ಮೆ ಕೆಮ್ಮಿ ಸುಮ್ಮನಾಯಿತು.

ನನ್ನವಳು ಎದ್ದು, ಗಂಟುಗಳನ್ನು ದಾಟಿಕೊಂಡು ಹಿಂದಕ್ಕೆ ಬಂದು, ಬಗ್ಗಿ ನೋಡಿದಳು.

"ಇದ್ರ ಕಾಲು ಉದ್ದ ಇದೆಯಲ್ರೀ!"

"ಹಲಗೆ ಇಪ್ಪತ್ತು ಇಂಚು ಇದೆ ಕಣೇ. ನಾನೇ ಅಳೆದಿದ್ದು. ಎರಡು ಸಲ."

"ಯಾವ ಟೇಪಲ್ಲಿ?"

"ನಿನ್ನದರಲ್ಲೇ."

ಅವಳ ಮುಖದ ಬಣ್ಣ ಬದಲಾಯಿತು. "ಐದು ಕಳೆದ್ರಾ?"

"ಏನು ಕಳೀಬೇಕಿತ್ತು?"

ಅವಳು ಕೊರಳಿನ ಟೇಪನ್ನು ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. ಕೆಸರು ಒರೆಸಿಕೊಂಡು ನೋಡಿದೆ. ಟೇಪು ಶುರುವಾಗುವುದೇ ಐದರಿಂದ. ಮೊದಲ ಐದು ಇಂಚು ಯಾವುದೋ ಕಾಲದಲ್ಲಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಸುಟ್ಟುಹೋಗಿತ್ತಂತೆ. ಟೀಚರಮ್ಮನ ಟೇಪು ಬಿಸಾಡಲು ಮನಸ್ಸು ಬಾರದೆ, ತುದಿಗೆ ಅಂದವಾಗಿ ಬಟ್ಟೆ ಮಡಚಿ ಹೊಲಿದು ಬಳಸುತ್ತಿದ್ದಳು.

"ಮದುವೆಯಾದಾಗಿಂದ ಮೈನಸ್ ಐದು, ಮೈನಸ್ ಐದು ಅಂತ ನಿಮ್ಮ ಕಿವಿ ಹತ್ರಾನೇ ಬಡ್ಕೊಳ್ತಿದ್ದೀನಲ್ರೀ!"

"ಅದು ಗಿರಾಕಿಗಳ ಖುಷಿಗೆ ಅಂದ್ಕೊಂಡಿದ್ದೆ..."

"ಐದು ಇಂಚು ಬಿಗಿ ಪ್ಯಾಂಟ್ ಹಾಕ್ಕೊಂಡು ಯಾರ್ರೀ ಖುಷಿಯಾಗಿರ್ತಾರೆ?"

ಅದು ನನಗೆ ಹೊಳೆದಿರಲಿಲ್ಲ. ಅವಳು ಗಂಟುಗಳ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರು ಬಂದಿತ್ತು. "ಕಾಲು ಉದ್ದ ಆಗಿದ್ದು ಪ್ಯಾಂಟ್ ಆಗಿದ್ರೆ ಮಡಚಿ ಹೊಲೀತಿದ್ದೆ. ಇದನ್ನ ಏನ್ ಮಾಡ್ಲಿ? ನಾಳೆ ಮಕ್ಕಳು ಬರ್ತಾವೆ." ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಅತ್ತದ್ದನ್ನು ನೋಡಲಾಗಲಿಲ್ಲ. ನನಗೂ ಅಳು ಬಂತು. ಕೆಸರಿದ್ದದ್ದರಿಂದ ಅವಳಿಗೆ ಕಾಣಲಿಲ್ಲ.

ಕೆಸರು ಮೈಯಲ್ಲೇ ಮೂರನೇ ಅಂಗಡಿಗೆ ಓಡಿದೆ.

"ನೀವು ತಪ್ಪು ಮೋಟರು ಕೊಟ್ಟಿದ್ದೀರಿ!"

"ಹೌದು ಸಾರ್."

"ವಾಪಸ್ ತಗೊಳ್ಳಿ!"

"ಹೌದು ಸಾರ್. ಆದ್ರೆ ಕೆಸರಿಗಿಳಿದ ಮೋಟರು ವಾಪಸ್ ತಗೊಳ್ಳೋ ಹಾಗಿಲ್ಲ ಸಾರ್."

"ಇದು ಅನ್ಯಾಯ!"

"ಹೌದು ಸಾರ್."

ಎಷ್ಟು ಕೂಗಾಡಿದರೂ ಅವನು ಒಪ್ಪಿಕೊಳ್ಳುತ್ತಲೇ ಇದ್ದ. ಗಂಟಲು ಕಟ್ಟಿ ಮನೆಗೆ ಮರಳಿದರೆ, ಹಿತ್ತಿಲಿನಲ್ಲಿ ಮೋಟರಕ್ಕ! ನನ್ನವಳೇ ಹೋಗಿ ಕರೆದುಕೊಂಡು ಬಂದಿದ್ದಳು. ಇಬ್ಬರೂ ದೋಣಿಯ ಅಂಚಿನಲ್ಲಿ ಅಕ್ಕತಂಗಿಯರ ಹಾಗೆ ಕೂತಿದ್ದರು. ನಾನು ಬಂದೊಡನೆ ಮಾತು ನಿಂತಿತು. ಯಾರ ವಿಷಯ ನಡೆಯುತ್ತಿತ್ತೆಂದು ಕೇಳುವ ಅಗತ್ಯ ಕಾಣಲಿಲ್ಲ.

"ಹದಿನೈದು" ಎಂದಳು ಮೋಟರಕ್ಕ, ಕಬ್ಬಿಣದ ಸ್ಕೇಲನ್ನು ಹಲಗೆಗೆ ತಾಗಿಸಿ ನನಗೆ ತೋರಿಸುತ್ತಾ. "ಮೋಟರಿನ ಕಾಲು ಕತ್ತರಿಸೋಕಾಗಲ್ಲ. ಹಲಗೇನ ಐದು ಇಂಚು ಎತ್ತರಿಸಬೇಕು. ಗಟ್ಟಿ ಮರ ಬೇಕು, ದಪ್ಪ ಇರ್ಬೇಕು. ನನ್ನ ಹತ್ರ ಈಗ ಇಲ್ಲ, ಮರದಂಗಡಿ ಇವತ್ತು ಮುಚ್ಚಿದೆ. ಮನೇಲಿ ಏನಾದ್ರೂ ಇದೆಯಾ ತಂಗೀ?"

ನನ್ನವಳು ಹಿತ್ತಿಲನ್ನು ನೋಡಿದಳು. ಬಾವಿಯ ಕಡೆ ನೋಡಿದಳು. ಆಮೇಲೆ ಮನೆಯ ಪಕ್ಕದ ಓಣಿಯಿಂದ ಮುಂದಿನ ಗೇಟಿನ ಕಡೆ ನೋಡಿದಳು. ಅವಳ ಕಣ್ಣು ಅಲ್ಲೇ ನಿಂತಿತು.

"ಅದೊಂದು ಬೇಡ ಕಣೇ" ಎಂದೆ.

"ಅದನ್ನ ಯಾಕೆ ಅಷ್ಟು ದಪ್ಪ ಮಾಡಿಸಿದ್ರಿ ಅಂತ ಇವತ್ತು ಗೊತ್ತಾಯ್ತು" ಎಂದಳು ನನ್ನವಳು. "ಸ್ಕ್ರೂಡ್ರೈವರ್ ತನ್ನಿ."

ಅವಳ ಕೆನ್ನೆಯ ಮೇಲೆ ಕಣ್ಣೀರಿನ ಗುರುತು ಇನ್ನೂ ಒಣಗಿರಲಿಲ್ಲ. ನಾನೇ ಹೋಗಿ ಗೇಟಿನ ಹಲಗೆ ಬಿಚ್ಚಿ ತಂದೆ. ಮೋಟರಕ್ಕ ಅದನ್ನು ದೋಣಿಯ ಹಿಂಬದಿಗೆ ಒಳಗಿನಿಂದ ಒತ್ತಿ, ತೂತು ಕೊರೆದು, ಬೋಲ್ಟು ಜಡಿದಳು. ಐದು ಇಂಚು ಮೇಲೆ ನಿಂತಿತು, ಉಳಿದದ್ದು ಕೆಳಗೆ ಮರೆಯಾಯಿತು. ಕಂಡದ್ದು ಮೇಲಿನ ಸಾಲು ಮಾತ್ರ. 'ತೂಕ' ಆ ಕಡೆ, 'ಅಳತೆ' ಈ ಕಡೆ, ನಡುವೆ ಮೋಟರು. 'ಅಧಿಕಾರಿ' ಬೋಲ್ಟುಗಳ ಹಿಂದೆ ಶಾಶ್ವತವಾಗಿ ಸೇರಿಹೋದ.

ಕೊನೆಗೆ ಒಂದು ಸರಪಣಿಯನ್ನೂ ಕಟ್ಟಿ, ನನ್ನ ಮುಖ ನೋಡಿ, ಆಕೆ ಹಗ್ಗ ಎಳೆದಳು. ಫ್ಯಾನು ನೀರಿನಲ್ಲಿ ಸರಾಗವಾಗಿ ತಿರುಗಿತು. ನನ್ನವಳು ಹತ್ತಿದಳು. ಹೊಸ ಮೋಟರಿನ ಸದ್ದು ಕೇಳುತ್ತಾ ಬರುತ್ತೇನೆಂದು ಮೋಟರಕ್ಕ ಹತ್ತಿದಳು. ನಾನೂ ಹತ್ತಿದೆ. ದೋಣಿ ಅಂಚಿನವರೆಗೆ ಮುಳುಗಿತು.

"ತೂಕ ಜಾಸ್ತಿಯಾಯ್ತು" ಎಂದಳು ಮೋಟರಕ್ಕ. "ಒಬ್ರು ಇಳೀಬೇಕು."

ತೂಕ ನನ್ನ ಇಲಾಖೆ. ಆದರೂ ಇಬ್ಬರೂ ನನ್ನ ಅಭಿಪ್ರಾಯ ಕೇಳಲಿಲ್ಲ; ನನ್ನನ್ನು ನೋಡಿದರು ಅಷ್ಟೆ. ಇಳಿದೆ. ದೋಣಿ ಹೊರಟಿತು. ದಡದಲ್ಲಿ ನಿಂತು, ನನ್ನ ಇಲಾಖೆಯ ಹೆಸರು ನಡುಗಡ್ಡೆಯ ಕಡೆ ಸಣ್ಣದಾಗುತ್ತಾ ಹೋಗುವುದನ್ನು ನೋಡಿದೆ. ನನ್ನವಳು ಒಮ್ಮೆ ತಿರುಗಿ ಕೈ ಬೀಸಿದಳು. ಬಟ್ಟೆ ತಲುಪಿತು, ಮುಂದಿನ ವರ್ಷದ ಕೆಲಸವೂ ಅವಳಿಗೇ ಉಳಿಯಿತು.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನಾನೂ ಹಠಗಾರ. ಅಳತೆ ಅಧಿಕಾರಿಯ ಮನೆಯಲ್ಲಿಯೇ ತಪ್ಪು ಅಳತೆಯ ಟೇಪೆಂದರೆ ಮಾನ ಉಳಿಯುತ್ತದೆಯೇ? ಮರುದಿನವೇ ಒಂದು ಹೊಸ ಟೇಪು ತಂದು, ಸರಿಯಾಗಿ ಸೊನ್ನೆಯಿಂದ ಶುರುವಾಗುತ್ತದೆಂದು ಪರೀಕ್ಷಿಸಿ, ಅವಳ ಕೊರಳಿಗೆ ನಾನೇ ಹಾಕಿದೆ. ಹಳೆಯದನ್ನು ಜಪ್ತಿ ಮಾಡಿ ಬೀರುವಿನಲ್ಲಿಟ್ಟೆ. ಆಶ್ಚರ್ಯವೆಂದರೆ ಅವಳು ಎದುರಾಡಲಿಲ್ಲ. "ಆಯ್ತು. ಮೊದ್ಲು ನಿಮಗೇ ಒಂದು ಪ್ಯಾಂಟ್ ಹೊಲೀತೀನಿ, ನಿಂತ್ಕೊಳ್ಳಿ" ಎಂದು ಪ್ರೀತಿಯಿಂದಲೇ ನನ್ನ ಕಾಲು ಅಳೆದಳು. "ನಲವತ್ತು" ಎಂದಳು. ಆಮೇಲೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಇನ್ನೇನೋ ಗೊಣಗಿದಳು. ನಾನು ಎಂದಿನಂತೆ ಕೇಳಿಸಿಕೊಳ್ಳಲಿಲ್ಲ.

ಆ ಪ್ಯಾಂಟು ತೊಟ್ಟು ಆಫೀಸಿಗೆ ಹೋದ ದಿನ ತರಕಾರಿ ಅಂಗಡಿಯವನು ಅಯಸ್ಕಾಂತ ತೆಗೆಯುವುದನ್ನೂ ಮರೆತು ಬಯಲಾದ ನನ್ನ ಕಣಕಾಲನ್ನೇ ನೋಡುತ್ತಾ ನಿಂತುಬಿಟ್ಟ. ಮೋಟರಿನ ಅಂಗಡಿಯ ಮುಂದೆ ಹೋಗುವಾಗ ಮೋಟರಕ್ಕ ಕೂಗಿ ಕೇಳಿದಳು: "ಸಾಹೇಬ್ರೆ, ಕಾಲು ಯಾರು ಅಳೆದಿದ್ದು?"

ಈಗ ನನ್ನವಳ ಕೊರಳಲ್ಲಿ ಮತ್ತೆ ಹಳೆಯ ಹಳದಿ ಟೇಪೇ ಇದೆ. ನಾನೇ ಬೀರುವಿನಿಂದ ತೆಗೆದು ಕೊಟ್ಟೆ. ಬರಿದೇ ಕೊಡುವುದು ಹೇಗೆಂದು ಅದರ ಹಿಂಬದಿಗೆ ಇಲಾಖೆಯ ಮುದ್ರೆಯನ್ನೂ ಒತ್ತಿದ್ದೇನೆ. ದಯವಿಟ್ಟು ಆಫೀಸಿನಲ್ಲಿ ಯಾರಿಗೂ ಹೇಳಬೇಡಿ.